ಗೋಡೆಗೆ ಮರ ಬಳಿಸಿದ್ದು

ಬೆಂಗಳೂರಲ್ಲಿ ಎರಡು ಪುಟ್ಟೇನಹಳ್ಳಿ ಇವೆ. ಒಂದು ಜೆ.ಪಿ. ನಗರದ ಹತ್ತಿರ, ಇನ್ನೊಂದು ಯಲಹಂಕದ ಹತ್ತಿರ. ಸಾಲದ್ದಕ್ಕೆ ಎರಡೂ ಕಡೆ ಕೆರೆ ಇದೆ. ನಮ್ಮದು ಯಲಹಂಕದ್ದು. ಮೊದಲ ಸಲ ಬರುವ ಎಲೆಕ್ಟ್ರಿಷಿಯನ್ನು, ಪ್ಲಂಬರು, ಹೆಂಡತಿಯ ಕಡೆ ನೆಂಟರು ಎಲ್ಲರೂ ಒಂದ್ಸಲ ಆ ಪುಟ್ಟೇನಹಳ್ಳಿಗೆ ಹೋಗಿಯೇ ಇಲ್ಲಿಗೆ ಬಂದವರು. "ಸಾರ್, ಕೆರೆ ಮುಂದೇನೇ ನಿಂತಿದೀನಿ" ಅಂತ ಫೋನು. ನಾನು ಬಾಲ್ಕನಿಗೆ ಬಂದು ಕೆರೆ ಏರಿ ಮೇಲೆ ಯಾರೂ ಕಾಣದೆ "ಯಾವ ಕೆರೆ ಸ್ವಾಮಿ?" ಅಂತ ಕೇಳೋದು. ಆಮೇಲೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಟ್ರಾಫಿಕ್ಕು.

ದಾರಿ ತಪ್ಪದೆ ಬಂದವರು ಒಬ್ಬರೇ, ನಮ್ಮ ಪೇಂಟರಣ್ಣ. ಗೌರಿಬಿದನೂರಿನವರು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲಲ್ಲಿ ದೊಡ್ಡಬಳ್ಳಾಪುರದ ಮೇಲೆ ಯಲಹಂಕಕ್ಕೆ ಬಂದಿಳಿದು, ಸಂಜೆ ಅದೇ ದಾರೀಲಿ ವಾಪಸ್. ಅವರಿಗೆ ಇನ್ನೊಂದು ಪುಟ್ಟೇನಹಳ್ಳಿ ಇರೋದೇ ಗೊತ್ತಿರಲಿಲ್ಲ.

ಅವರನ್ನ ಕರೆಸಿದ್ದು ಹಾಲಿನ ಒಂದು ಗೋಡೆಗೆ. ಹನ್ನೊಂದು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಆ ಗೋಡೆಗೆ ಮರದ ಹಲಗೆ ಹೊಡೆಸಬೇಕು ಅನ್ನೋದು ಫ್ಲ್ಯಾಟ್ ತಗೊಂಡಾಗಿಂದ ನನ್ನ ಆಸೆ. ಇಂಟೀರಿಯರ್‌ನವನು ಬಂದು ಲೇಸರ್ ಹಿಡಿದು ಅಳೆದು, "ಪ್ಲೈ ಮೇಲೆ ವೆನೀರ್, ಪಾಲಿಶ್ ಸೇರಿ ಚದರಡಿಗೆ 650" ಅಂದ. 99 ಚದರಡಿ. 64,350 ರೂಪಾಯಿ. ಅದೇ ತಿಂಗಳು ಮಗಳ ಸ್ಕೂಲ್ ಫೀಸು, ಅದೇ ತಿಂಗಳು ಕಾರಿನ ಇನ್ಶೂರೆನ್ಸು. ನಾನು "ಯೋಚನೆ ಮಾಡಿ ಹೇಳ್ತೀನಿ" ಅಂದೆ. ಬೆಂಗಳೂರಲ್ಲಿ ಅದರರ್ಥ ಎಲ್ಲರಿಗೂ ಗೊತ್ತು.

ಆಗ ಪಕ್ಕದ ಮನೆಯವರು ಈ ಪೇಂಟರಣ್ಣನ ನಂಬರ್ ಕೊಟ್ಟರು. ಅವರು ಫೋನಲ್ಲಿ ಒಂದು ಫೋಟೋ ತೋರಿಸಿದರು. ತೇಗದ ಹಲಗೆ ಹೊಡೆದ ಗೋಡೆ. "ಚೆನ್ನಾಗಿದೆ, ಆದ್ರೆ ಬಜೆಟ್ ಇಲ್ಲ" ಅಂದೆ. "ಇದು ಮರ ಅಲ್ಲ ಸಾರ್, ಬಣ್ಣ" ಅಂದರು. ಚದರಡಿಗೆ 110 ಹೇಳಿದ್ದರು, ಚೌಕಾಸಿ ಮಾಡಿ ಒಟ್ಟು ಹತ್ತು ಸಾವಿರಕ್ಕೆ ಒಪ್ಪಿಸಿದೆ.

ಒಪ್ಪಿಸಿದ್ದೇನೋ ಸರಿ, ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ನಾನು ಆಫೀಸಲ್ಲಿ ಊಟದ ಟೇಬಲ್ಲಲ್ಲಿ ಕೂತು ನಕಲಿ ಮರದ ಬಗ್ಗೆ ಭಾಷಣ ಬಿಗಿಯೋ ಮನುಷ್ಯ. ತೀರ್ಥಹಳ್ಳಿ ಕಡೆ ಹಳ್ಳಿಯಿಂದ ಬಂದವನು, ನಮ್ಮ ಹಳೇ ಮನೆ ಜಗಲಿಯಲ್ಲಿ ನಾಲ್ಕು ಬೀಟೆ ಕಂಬ ಇದ್ದವು ಅಂತ ಹೊಸದಾಗಿ ಟೀಮಿಗೆ ಸೇರಿದ ಪ್ರತಿಯೊಬ್ಬರಿಗೂ ಹೇಳಿದೀನಿ. ನಾವು ಕೈ ಊರಿ ತಿನ್ನುತ್ತಿದ್ದ ಆ ಟೇಬಲ್ಲು ಸನ್‌ಮೈಕಾದ್ದು. ಸನ್‌ಮೈಕಾ ಅಂದ್ರೇನು? ಒಂದರ ಮೇಲೊಂದು ದಪ್ಪ ಕಾಗದ, ಮೇಲ್ಗಡೆ ಮರದ ಚಿತ್ರ ಅಚ್ಚು ಹಾಕಿದ ಇನ್ನೊಂದು ಕಾಗದ, ಎಲ್ಲಾ ರೆಸಿನ್‌ನಲ್ಲಿ ಅದ್ದಿ ಬಿಸಿ ಮಾಡಿ ಒತ್ತಿದ್ದು. ಅಂದ್ರೆ ನಾವು ದಿನಾ ಮರದ ಫೋಟೋ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡ್ತಿದೀವಿ. ಇದರ ಮೂಲಪುರುಷ ಫಾರ್ಮೈಕಾ 1910ರ ದಶಕದಲ್ಲಿ ಹುಟ್ಟಿದ್ದು ಕರೆಂಟಿನ ಕೆಲಸಕ್ಕೆ. ಇನ್ಸುಲೇಟರ್ ಆಗಿ ಬಳಸುತ್ತಿದ್ದ ಮೈಕಾ, ಅಂದ್ರೆ ಅಭ್ರಕದ ಬದಲಿಗೆ ಇದು, "ಫಾರ್ ಮೈಕಾ", ಅದಕ್ಕೇ ಆ ಹೆಸರು. ಹುಟ್ಟಿದಾಗಿನಿಂದ ಇನ್ನೊಂದರ ಬದಲಿಗೆ ನಿಲ್ಲೋದೇ ಅದರ ಉದ್ಯೋಗ.

ಇನ್ನೊಂದು ತಪ್ಪೊಪ್ಪಿಗೆ ಮಾಡಿಬಿಡ್ತೀನಿ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಯಲ್ಲಿ ಮಾಡಿಸಿದ ಮೊದಲ ಕೆಲಸವೇ ಒಂದು ಆ್ಯಪ್‌ಗೆ ಮರದ ಹಿನ್ನೆಲೆ ಹಾಕೋದು. ಆಗೆಲ್ಲ ಅದೇ ಫ್ಯಾಷನ್ನು. 2010ರಲ್ಲಿ ಐಪ್ಯಾಡ್ ಬಂದಾಗ ಅದರ ಐಬುಕ್ಸ್‌ನಲ್ಲಿ ಪುಸ್ತಕ ಜೋಡಿಸೋಕೆ ಮರದ ಕಪಾಟೇ ಇತ್ತು ನೋಡಿ. 2013ರ ಐಓಎಸ್ 7 ಹೊತ್ತಿಗೆ ಅವರು ಅದನ್ನ ಕಿತ್ತು ಬಿಸಾಕಿದರು, ನಾವೂ ಕಿತ್ತೆವು. ನಾನು ಮಾಡಿದ ಮರದಲ್ಲಿ ಒಂದು ಖಾಯಿಲೆ ಇತ್ತು. ಒಂದು ಚಿಕ್ಕ ಚಿತ್ರವನ್ನ ಮತ್ತೆ ಮತ್ತೆ ಜೋಡಿಸಿದ್ದರಿಂದ ಇನ್ನೂರು ಪಿಕ್ಸೆಲ್‌ಗೊಂದು ಸಲ ಅದೇ ಗಂಟು ಬರ್ತಿತ್ತು. ಸೀನಿಯರ್ ಒಬ್ಬರು ನೋಡಿ, ಪರ್ಲಿನ್ ನಾಯ್ಸ್ ಓದು ಅಂದರು. ಕೆನ್ ಪರ್ಲಿನ್ ಅನ್ನುವವರು 1985ರಲ್ಲಿ ಪ್ರಕಟಿಸಿದ ವಿಧಾನ ಅದು. ಕಂಪ್ಯೂಟರಿನ ಚಿತ್ರಗಳು ತೀರಾ ನಯವಾಗಿ, ಯಂತ್ರದ ಥರ ಕಾಣೋದು ಅವರಿಗೆ ಕಿರಿಕಿರಿಯಾಗಿ, ಲೆಕ್ಕದಿಂದಲೇ ಒಂಥರಾ ಅಂಕುಡೊಂಕು ಹುಟ್ಟಿಸುವ ದಾರಿ ಕಂಡುಹಿಡಿದರು. ವೃತ್ತದ ಮೇಲೆ ವೃತ್ತ ಬರೆದು ಅದನ್ನ ಈ ಅಂಕುಡೊಂಕಿನಿಂದ ಸ್ವಲ್ಪ ಅಲುಗಾಡಿಸಿದರೆ ಮರದ ಉಂಗುರ ಆಗತ್ತೆ. 1997ರಲ್ಲಿ ಇದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಆದರೆ ನನ್ನ ಮರ ಮಾತ್ರ ಮರ ಆಗಲಿಲ್ಲ, ಅಷ್ಟರಲ್ಲಿ ಫ್ಯಾಷನ್ನೇ ಹೋಯ್ತು.

ಮೊದಲ ದಿನ ಪೇಂಟರಣ್ಣ ಗೋಡೆಯ ಹಳೇ ಬಣ್ಣ ಕೆರೆದು, ಪುಟ್ಟಿ ಎಳೆದು, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದರು. ಮನೆಯೆಲ್ಲಾ ಬಿಳೀ ಧೂಳು. ಆಮೇಲೆ ಪ್ರೈಮರ್. ಎರಡನೇ ದಿನ ಬಿಸ್ಕತ್ತಿನ ಬಣ್ಣ, ಎರಡು ಕೋಟು. "ಮರ ಕಂದು ಅಲ್ವಾ, ಇದ್ಯಾಕೆ ಬಿಸ್ಕತ್ತು?" ಅಂತ ಕೇಳಿದೆ. "ಮರದಲ್ಲಿ ಎರಡು ಬಣ್ಣ ಇರತ್ತೆ ಸಾರ್. ತಿಳೀದು ಕೆಳಗೆ, ಗಾಢ ಮೇಲೆ. ನಾವು ಮೇಲಿನದನ್ನ ಹಚ್ಚಿ ಕೆರೀತೀವಿ, ಕೆರೆದ ಕಡೆ ಕೆಳಗಿನದು ಕಾಣತ್ತೆ. ಅದೇ ಗೆರೆ." ಅಂದ್ರೆ ಗೆರೆ ಎಳೆಯೋದಲ್ಲ, ಗೆರೆ ಬಿಡಿಸೋದು. ಕೆಳಗಿನ ಕೋಟು ಬಣ್ಣ ಕುಡಿಯಬಾರದು, ಸ್ವಲ್ಪ ಹೊಳಪಿರಬೇಕು, ಇಲ್ಲದಿದ್ದರೆ ಮೇಲಿನದು ಜಾರುವುದಿಲ್ಲ, ಅಲ್ಲೇ ಕಚ್ಚಿಕೊಳ್ಳುತ್ತದೆ.

ಮೂರನೇ ದಿನ ಅಸಲಿ ಆಟ. ಗೋಡೆಯನ್ನ ಅರ್ಧ ಅರ್ಧ ಅಡಿಗೆ ಗುರುತು ಮಾಡಿ ಇಪ್ಪತ್ತೆರಡು ಹಲಗೆ ಮಾಡಿದರು. ಒಂದು ಬಿಟ್ಟು ಒಂದಕ್ಕೆ ಮಾಸ್ಕಿಂಗ್ ಟೇಪು. ಇವತ್ತು ಬೆಸ ಸಂಖ್ಯೆಯ ಹಲಗೆ, ನಾಳೆ ಸಮ. ಪಕ್ಕಪಕ್ಕದ್ದು ಒಟ್ಟಿಗೆ ಮಾಡಿದರೆ ಹಸಿ ಬಣ್ಣ ಒಂದಕ್ಕೊಂದು ಮೆತ್ತಿ ಹಲಗೆಯ ಸಂದು ಕಾಣೋದಿಲ್ಲ. ಕಂದು ಬಣ್ಣವನ್ನ ಪಾರದರ್ಶಕ ಗ್ಲೇಜ್‌ನಲ್ಲಿ ಕಲಸಿ ಒಂದು ಹಲಗೆಗೆ ಮೇಲಿಂದ ಕೆಳಗೆ ಬಳಿದರು. ಬಳಿದು, ಜೇಬಿಂದ ಒಂದು ಕಪ್ಪು ರಬ್ಬರ್ ತುಂಡು ತೆಗೆದರು. ಹಿಡಿಕೆ ಇದೆ, ಹೊಟ್ಟೆ ಉಬ್ಬಿದೆ, ಆ ಉಬ್ಬಿನ ಮೇಲೆ ಒಂದರೊಳಗೊಂದು ಅರ್ಧಚಂದ್ರಗಳು. ಅದನ್ನ ಹಲಗೆಯ ತಲೆಗೆ ಒತ್ತಿ, ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ಹಿಂದೆ ಮುಂದೆ ಬಾಗಿಸುತ್ತಾ ಒಂದೇ ಉಸಿರಲ್ಲಿ ಕೆಳಗೆ ಎಳೆದುಕೊಂಡು ಬಂದರು. ಅವರು ಎಳೆದ ಹಿಂದೆಯೇ ಮರ ಹುಟ್ಟಿಕೊಂಡು ಬಂತು. ಸುಳ್ಳು ಹೇಳ್ತಿಲ್ಲ, ಮೈ ಜುಮ್ ಅಂತು.

ಅದು ಹ್ಯಾಗೆ ಆಗತ್ತೆ ಅಂತ ನಾನು ರಾತ್ರಿ ಕೂತು ಲೆಕ್ಕ ಹಾಕಿದೆ. ಪತ್ರೊಡೆ ಗೊತ್ತಲ್ಲ? ಕೆಸುವಿನ ಎಲೆಗೆ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸೋದು. ಆ ಸುರುಳಿಯನ್ನ ಅಡ್ಡ ಕೊಯ್ದರೆ ಉಂಗುರ ಕಾಣತ್ತೆ. ನಡುಮಧ್ಯೆ ಉದ್ದಕ್ಕೆ ಸೀಳಿದರೆ ನೆಟ್ಟಗೆ ಗೆರೆ. ನಡು ಬಿಟ್ಟು ಪಕ್ಕಕ್ಕೆ, ಒಂಚೂರು ಓರೆಯಾಗಿ ಸೀಳಿದರೆ ಗೆರೆಗಳು ಬಾಗಿ ಒಂದರೊಳಗೊಂದು ಗೋಪುರದ ಹಾಗೆ ನಿಲ್ತವೆ. ಮರದ ದಿಮ್ಮಿಯೂ ಅಷ್ಟೆ, ದೊಡ್ಡ ಪತ್ರೊಡೆ. ಆ ರಬ್ಬರ್ ತುಂಡಿನಲ್ಲಿರೋದು ಉಂಗುರದ ಒಂದು ಚೂರು. ನೆಟ್ಟಗೆ ಹಿಡಿದು ಎಳೆದರೆ ನೆಟ್ಟನೆ ಗೆರೆ, ಬಾಗಿಸುತ್ತಾ ಎಳೆದರೆ ಗೋಪುರ, ಪೂರ್ತಿ ಬಾಗಿಸಿದರೆ ಗಂಟು. ಪರ್ಲಿನ್ ಲೆಕ್ಕದಲ್ಲಿ ಮಾಡಿದ್ದನ್ನ ಈ ಪೇಂಟರಣ್ಣ ಮಣಿಕಟ್ಟಲ್ಲಿ ಮಾಡ್ತಿದ್ದರು, ಅಷ್ಟೇ ವ್ಯತ್ಯಾಸ.

ಈ ವಿದ್ಯೆ ಹೊಸದೇನಲ್ಲ. ಯುರೋಪಿನಲ್ಲಿ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರು ತುಂಬಾ ಜನ ಇದ್ದರು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಮನೆಯ ನಡುಹಜಾರದ ಪೈನ್ ಹಲಗೆಗಳಿಗೆ 1797ರಲ್ಲಿ ಮಹಾಗನಿಯ ಗೆರೆ ಬರೆಸಿದ. ಗಮನಿಸಿ, ಗೋಡೆಗೆ ಮರದ ಬಣ್ಣ ಅಲ್ಲ, ಮರಕ್ಕೇ ಇನ್ನೊಂದು ಮರದ ಬಣ್ಣ. ಅದೇ ಮನೆಯ ಹೊರಗಿನ ಮರದ ಹಲಗೆಗೆ ಬಣ್ಣದ ಮೇಲೆ ಮರಳು ಎರಚಿ ಕಲ್ಲಿನ ಹಾಗೆ ಮಾಡಿಸಿದ್ದ. ಇದನ್ನ ಕಂಡರಾಗದವರೂ ಇದ್ದರು. ಜಾನ್ ರಸ್ಕಿನ್ 1849ರ ತನ್ನ ಪುಸ್ತಕದಲ್ಲಿ, ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತುವಿನ ಚಿತ್ರ ಬಳಿಯೋದು ಕಟ್ಟಡದ ಸುಳ್ಳು ಅಂತ ಝಾಡಿಸಿದ. ನಾನು ಆಫೀಸಿನ ಊಟದ ಟೇಬಲ್ಲಲ್ಲಿ ರಸ್ಕಿನ್‌ನ ಹೆಸರು ಗೊತ್ತಿಲ್ಲದೆಯೇ ರಸ್ಕಿನ್ ಆಗಿದ್ದೆ. ಆದರೆ ಪ್ಯಾರಿಸ್ಸಿನಲ್ಲಿ ಇನ್ನೊಬ್ಬ ಬಂದ. ಚಿತ್ರಕಾರ ಜಾರ್ಜ್ ಬ್ರಾಕ್. ಅವನ ಅಪ್ಪ, ಅಜ್ಜ ಇಬ್ಬರೂ ಮನೆಗೆ ಬಣ್ಣ ಹೊಡೆಯುವವರು, ಇವನೂ ಮೊದಲು ಕಲಿತದ್ದು ಅದನ್ನೇ. ಗೋಡೆಗೆ ಮರದ ಗೆರೆ ಎಳೆಯುವ ಆ ಬಾಚಣಿಗೆಯನ್ನ ತನ್ನ ಕ್ಯಾನ್ವಾಸಿಗೆ ತಂದ. ಪಿಕಾಸೊಗೂ ತೋರಿಸಿಕೊಟ್ಟ. ಪಿಕಾಸೊ ಸುಮ್ಮನಿರ್ತಾನಾ, 1912ರಲ್ಲಿ ಕವಿಯೊಬ್ಬನ ಚಿತ್ರ ಬರೆದು ಆ ಬಾಚಣಿಗೆಯಿಂದ ಅವನ ಕೂದಲು, ಮೀಸೆ ಬಾಚಿದ! ನಮ್ಮ ಮೈಸೂರಿನ ಬೀಟೆ ಕೆತ್ತನೆಯವರದು ಇದರ ತಿರುವುಮುರುವು. ಅವರು ಬಣ್ಣವನ್ನೇ ಮುಟ್ಟದೆ ಬೇರೆ ಬೇರೆ ಮರದ ಚೂರುಗಳನ್ನ ಬೀಟೆಯೊಳಗೆ ಕೂರಿಸಿ ಆನೆ, ದಸರಾ, ಸೂರ್ಯಾಸ್ತ ಎಲ್ಲಾ ಬಿಡಿಸ್ತಾರೆ. ಅಲ್ಲಿ ಮರ ಬಣ್ಣದ ವೇಷ ಹಾಕಿದರೆ ನಮ್ಮ ಹಾಲಿನಲ್ಲಿ ಬಣ್ಣ ಮರದ ವೇಷ ಹಾಕಿತ್ತು.

ಮಧ್ಯಾಹ್ನ ಆಸೆ ತಡೆಯದೆ "ಅಣ್ಣಾ, ಒಂದು ಹಲಗೆ ನಾನು ಮಾಡ್ಲಾ?" ಅಂದೆ. ಇಪ್ಪತ್ತೊಂದನೆಯದು ಕೊಟ್ಟರು, ಕಿಟಕಿ ಪಕ್ಕದ್ದು. ಮೇಲಿಂದ ಶುರು ಮಾಡಿದೆ. ಗೋಪುರ ಒಂದೂ ಬರಲಿಲ್ಲ, ಬರೀ ಗಂಟು. ಒಂದೂವರೆ ಅಡಿಗೊಂದರಂತೆ, ಅಳತೆ ಮಾಡಿಟ್ಟ ಹಾಗೆ ಆರು ಗಂಟು. ಹಳೇ ಖಾಯಿಲೆ. ಗ್ಲೇಜು ಬೇಗ ಒಣಗತ್ತೆ, ನಾನು ಮುಗಿಸೋ ಹೊತ್ತಿಗೆ ಮೇಲ್ಗಡೆ ಆಗಲೇ ಬಿಗಿದಿತ್ತು, ಒರೆಸೋಕೂ ಬರಲಿಲ್ಲ. ಪೇಂಟರಣ್ಣ ನಗಲಿಲ್ಲ. "ಗಂಟು ಅಂದ್ರೆ ಅಲ್ಲಿ ಒಂದು ಕೊಂಬೆ ಇತ್ತು ಅಂತ ಸಾರ್. ಒಂದೇ ಹಲಗೇಲಿ ಆರು ಕೊಂಬೆ ಇದ್ರೆ ಆಚಾರಿ ಅದನ್ನ ಒಲೆಗೆ ಹಾಕ್ತಾನೆ. ಇರ್ಲಿ, ಹೆಂಗೂ ಕರ್ಟನ್ ಬರತ್ತಲ್ಲ" ಅಂದರು. ಇವರಿಗೆ ಇದೆಲ್ಲ ಹ್ಯಾಗೆ ಗೊತ್ತು ಅಂತ ಕೇಳಿದೆ. ಪೇಂಟಿಂಗಿಗೆ ಬರೋ ಮುಂಚೆ ಆರು ವರ್ಷ ಒಂದು ಸಾಮಿಲ್ಲಿನಲ್ಲಿ ಹಲಗೆ ಹೊತ್ತಿದ್ದರಂತೆ.

ಮಾರನೇ ದಿನ ಬೆಳಗಿನ ಜಾವ ಊರಿಂದ ಅಪ್ಪಯ್ಯ, ಅಮ್ಮ ಬಂದರು. ಭಾನುವಾರ ಮಗಳ ಹುಟ್ಟುಹಬ್ಬ. ಗೊರಗುಂಟೆಪಾಳ್ಯದಲ್ಲಿ ಬಸ್ಸಿಂದ ಇಳಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ನನಗೂ ಅಪ್ಪಯ್ಯನಿಗೂ ನಡೆದ ಮಾತು ಇಷ್ಟೇ: "ಮಳೆ ಹ್ಯಾಂಗೆ?" "ಬಂತು." ನಮ್ಮಿಬ್ಬರ ಮಾತು ಅಷ್ಟಕ್ಕೇ ನಿಂತು ಮೂರು ವರ್ಷ ಆಗಿತ್ತು.

ಅದನ್ನೂ ಹೇಳಲೇಬೇಕು. ಆ ವರ್ಷದ ಮಳೆಗಾಲದಲ್ಲಿ ಊರ ಹಳೇ ಮನೆಯ ಹಿಂದಿನ ಮಣ್ಣುಗೋಡೆ ಕುಸೀತು. ಕೆಡವಿ ಆರ್‌ಸಿಸಿ ಮನೆ ಕಟ್ಟೋದು ಅಂತಾಯ್ತು. ಹಳೇ ಮರ ಕೊಳ್ಳುವ ವ್ಯಾಪಾರಿಯೊಬ್ಬ ಬಂದ. ರೆಸಾರ್ಟಿನವರಿಗೆ ಕೊಡ್ತಾನಂತೆ. ಬೀಟೆ ಕಂಬಕ್ಕೆ ತಲಾ 40 ಸಾವಿರ ಅಂತ ಮಾತಾಯ್ತು. ನಾನು ಇಲ್ಲೇ ಕೂತು ಲೆಕ್ಕ ಹಾಕಿದೆ, ನಾಲ್ಕಕ್ಕೆ 1 ಲಕ್ಷ 60 ಸಾವಿರ. ಅಪ್ಪಯ್ಯ ಬ್ಯಾಂಕಿಗೆ ಹಾಕಿದ್ದು 1 ಲಕ್ಷ 26 ಸಾವಿರ. ಮೂರಕ್ಕೆ ಸರಿಯಾಗಿ ಕೊಟ್ಟಿದ್ದ, ನಾಲ್ಕನೆಯದಕ್ಕೆ ಬರೀ 6 ಸಾವಿರ. ಯಾಕೆ ಅಂದ್ರೆ ಅಪ್ಪಯ್ಯ ಬಾಯಿ ಬಿಡಲಿಲ್ಲ. "ಇರ್ಲಿ ಬಿಡಾ" ಅಂದರು. ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನಲ್ಲಿ, "ನಿಮಗೆ ವ್ಯವಹಾರ ಗೊತ್ತಾಗಲ್ಲ ಅಪ್ಪಯ್ಯ, ಅದಕ್ಕೇ ಊರವರೆಲ್ಲ ನಿಮಗೆ ಟೋಪಿ ಹಾಕೋದು" ಅಂದೆ. ಇನ್ನೂ ಏನೇನೋ ಅಂದೆ. ಆ 34 ಸಾವಿರ ನನ್ನ ಒಂದು ತಿಂಗಳ ಇಎಂಐಗೂ ಕಮ್ಮಿ. ಅವರು ಎಲ್ಲ ಕೇಳಿಸಿಕೊಂಡು "ಊಟ ಆಯ್ತಾ?" ಅಂತ ಕೇಳಿ ಫೋನಿಟ್ಟರು.

ಮನೆಯೊಳಗೆ ಕಾಲಿಟ್ಟವರು ಚೀಲ ಕೆಳಗಿಡದೆ ಗೋಡೆ ಮುಂದೆ ನಿಂತರು. ಗೋಡೆ ಆಗ ಅರ್ಧ ಮರ, ಅರ್ಧ ಬಿಸ್ಕತ್ತು, ಜೀಬ್ರಾ ಥರ. ನನಗೆ ಎದೆ ಡವಡವ. ಮಗ ಮನೆಯ ಬೀಟೆ ಮಾರಿಸಿ ಬೆಂಗಳೂರಲ್ಲಿ ಸಿಮೆಂಟಿಗೆ ಮರದ ಬಣ್ಣ ಬಳಿಸ್ತಿದಾನೆ ಅಂತ ಅವರು ಅಂದುಕೊಂಡರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪಯ್ಯ ಕೈ ಚಾಚಿ ಅಂಗೈ ಊರಿದರು. "ತಣ್ಣಗೈತೆ" ಅಂದರು. ಆಮೇಲೆ ಬೆರಳ ಗಿಣ್ಣಿನಲ್ಲಿ ಕುಟ್ಟಿದರು. ಸಿಮೆಂಟಿನ ಕುರುಡು ಸದ್ದು. ಕಣ್ಣಿಗೆ ಎಷ್ಟು ಮೋಸ ಮಾಡಿದರೂ ಈ ಎರಡು ಪರೀಕ್ಷೆಯಲ್ಲಿ ಬಣ್ಣದ ಮರ ಫೇಲು. ಮರ ಕೈಯ ಶಾಖವನ್ನ ಬೇಗ ಎಳೆದುಕೊಳ್ಳೋದಿಲ್ಲ, ಅದಕ್ಕೇ ಬೆಚ್ಚಗೆ ಅನ್ನಿಸತ್ತೆ. ಸಿಮೆಂಟು ಎಳೆದುಕೊಳ್ಳತ್ತೆ.

"ಬಣ್ಣ ಅಪ್ಪಯ್ಯ. ಮರಕ್ಕೆ ರೇಟು ಜಾಸ್ತಿ ಆಯ್ತು, ಅದ್ಕೆ..." ಅಂತ ನಾನು ಶುರು ಮಾಡಿದ್ದೆ. ಅವರು ಕೇಳಿಸಿಕೊಳ್ಳದೆ ಕಿಟಕಿ ಕಡೆ ಹೋಗಿ, "ಇದೊಂದು ಯಾರು ಮಾಡಿದ್ದು?" ಅಂದರು. ಇಪ್ಪತ್ತೊಂದನೇ ಹಲಗೆ.

ಒಂಬತ್ತೂವರೆಗೆ ಪೇಂಟರಣ್ಣ ಬಂದರು. ಅಪ್ಪಯ್ಯ ಸ್ನಾನ, ತಿಂಡಿ ಮುಗಿಸಿ ಒಂದು ಕುರ್ಚಿ ಎಳೆದುಕೊಂಡು ಅವರ ಹಿಂದೆ ಕೂತರು. ನನಗೆ ಆಫೀಸಿನ ಕಾಲ್ ಇತ್ತು, ಡೈನಿಂಗ್ ಟೇಬಲ್ಲಲ್ಲಿ ಮ್ಯೂಟ್ ಮಾಡಿಕೊಂಡು ಕೂತೆ. ಕಿವಿ ಮಾತ್ರ ಹಾಲಿನಲ್ಲಿತ್ತು.

"ಎಂತ ಮರ ಮಾಡ್ತಿದೀರಿ ಪೇಂಟರೇ?"

"ತೇಗ ಯಜಮಾನ್ರೇ."

"ತೇಗಕ್ಕೆ ಗೆರೆ ಇಷ್ಟು ಚೂಪು ಇರೂದಿಲ್ಲ."

"ಇನ್ನೂ ಆಗಿಲ್ಲ ಯಜಮಾನ್ರೇ, ನೋಡ್ತಾ ಇರಿ" ಅಂತ ಪೇಂಟರಣ್ಣ ಒಣ ಬ್ರಶ್ ತಗೊಂಡು ಹಸಿ ಗೆರೆಗಳ ಮೇಲೆ ಗರಿ ಆಡಿಸಿದ ಹಾಗೆ ಆಡಿಸಿದರು. ಗೆರೆಗಳ ಅಂಚು ಕರಗಿ ಮೆತ್ತಗಾಯ್ತು. ಆಮೇಲೆ ಅದೇ ಬ್ರಶ್ಶಿನ ಉದ್ದ ಕೂದಲಿನಿಂದ ಪಟಪಟ ಹೊಡೆದರು. ಸಣ್ಣ ಸಣ್ಣ ಚುಕ್ಕೆ ಗೀಟು ಎದ್ದವು, ಮರದ ರಂಧ್ರಗಳ ಹಾಗೆ.

ಅಪ್ಪಯ್ಯ ಮುಂದಕ್ಕೆ ಬಾಗಿದರು. "ಹಾಂ. ಅಜ್ಜಯ್ಯ ಇದಕ್ಕೆ ಹಳೇ ಪಂಚೆ ತುಂಡು ಹಾಕಿ ತಿಕ್ಕೋರು."

ನಾನು ಕಾಲ್‌ನಿಂದ ಹೊರಗೆ ಬಂದೆ. "ಅಜ್ಜಯ್ಯ ಎಂತಕ್ಕೆ ತಿಕ್ಕೋರು?"

ಅಪ್ಪಯ್ಯ ನನ್ನ ಕಡೆ ತಿರುಗಲಿಲ್ಲ. ಪೇಂಟರಣ್ಣನಿಗೇ ಹೇಳೋ ಹಾಗೆ ಹೇಳಿದರು. ಮನೆ ಕಟ್ಟುವಾಗ ಅಜ್ಜಯ್ಯನಿಗೆ ನಾಲ್ಕು ಬೀಟೆ ಕಂಬ ನಿಲ್ಲಿಸಬೇಕು ಅಂತ ಹಟ. ಮೂರಕ್ಕಾಗುವಷ್ಟೇ ಸಿಕ್ಕಿದ್ದು. ನಮ್ಮ ಜಾಗದಲ್ಲಿ ಇನ್ನೊಂದು ಬೀಟೆ ಇತ್ತು, ಆದರೆ ಅದು ಸರ್ಕಾರದ ಮರ, ಕಡಿಯೋಕೆ ಪರ್ಮಿಟ್ ಸಿಗಲಿಲ್ಲ. ಗೃಹಪ್ರವೇಶದ ದಿನ ಗೊತ್ತಾಗಿ ಹೋಗಿತ್ತು. ಆಚಾರ್ರು ಒಂದು ಹೆಬ್ಬಲಸಿನ ಕಂಬ ನಿಲ್ಲಿಸಿದರು. ಹೆಬ್ಬಲಸು ಹಳದಿ, ಬೀಟೆ ಕಪ್ಪು. ಅಡಿಗೆಮನೆಯ ಮಸಿಯನ್ನ ಗೇರೆಣ್ಣೆಯಲ್ಲಿ ಕಲಸಿ ಬಳಿದು, ಅದು ಹಸಿ ಇರುವಾಗಲೇ ತೆಂಗಿನ ಸಿಪ್ಪೆಯ ನಾರನ್ನ ಬಿಗಿಯಾಗಿ ಕಟ್ಟಿ ಮೇಲಿಂದ ಕೆಳಗೆ ಎಳೆದರು. ನಾರು ಹೋದಲ್ಲೆಲ್ಲ ಬೀಟೆಯ ಗೆರೆ. ಗೆರೆ ಚೂಪಾಯ್ತು ಅಂತ ಪಂಚೆ ತುಂಡಿನಿಂದ ತಿಕ್ಕಿದರು. ಆಮೇಲೆ ಪ್ರತೀ ವರ್ಷ ದೀಪಾವಳಿ ಮುಂಚೆ ಅಜ್ಜಯ್ಯನೇ ಮಾಡೋರು, ಆ ಒಂದು ಕಂಬಕ್ಕೆ ಮಾತ್ರ.

ನನಗೆ ಎಲ್ಲ ನೆನಪಿತ್ತು, ಅರ್ಥ ಮಾತ್ರ ಈಗ ಆಯ್ತು. ಅದು ಅಜ್ಜಯ್ಯನ ಕಂಬ. ಯಾರೇ ಬಂದರೂ ಅಜ್ಜಯ್ಯ ಎದ್ದು ಹೋಗಿ ಆ ಕಂಬಕ್ಕೇ ಒರಗಿ ಕೂತು ಎಲೆಅಡಿಕೆ ತಟ್ಟೆ ಮುಂದೆ ತಳ್ಳುತ್ತಿದ್ದರು. ಅವರ ಎಲ್ಲಾ ಅಂಗಿಗಳ ಬೆನ್ನಲ್ಲೂ ಕಂದು ಕಲೆ. ಅದು ಅವರಿಗೆ ಪ್ರೀತಿಯ ಕಂಬ ಅಂತ ನಾವು ಮಕ್ಕಳು ಅಂದುಕೊಂಡಿದ್ದೆವು. ಅದಕ್ಕೆ ಗೇರೆಣ್ಣೆ ಹಚ್ಚಿದ ದಿನ ಹತ್ತಿರ ಹೋದರೆ ಮೈ ಬೊಬ್ಬೆ ಬರತ್ತೆ ಅಂತ ನಮ್ಮನ್ನ ಗದರಿಸುತ್ತಿದ್ದರು.

"ವ್ಯಾಪಾರಿ ಬಂದವನು ನಾಲ್ಕಕ್ಕೂ ಉಳಿ ಹಾಕಿ ಕೆರೆದು ನೋಡಿದ" ಅಂದರು ಅಪ್ಪಯ್ಯ. "ಮೂರರಲ್ಲಿ ಕಪ್ಪು ಬಂತು. ಇದರಲ್ಲಿ ಹಳದಿ ಬಂತು. ಅವನು ಮೋಸ ಎಂತದೂ ಮಾಡ್ಲಿಲ್ಲ. ಹೆಬ್ಬಲಸಿಗೆ ಆರು ಸಾವಿರ ಜಾಸ್ತಿಯೇ."

"ಆವತ್ತು ಫೋನಲ್ಲಿ ಇದನ್ನೇ ಹೇಳಬಹುದಿತ್ತಲ್ಲ ಅಪ್ಪಯ್ಯ."

"ನಿನ್ನ ಹೆಣ್ಣಿನ ಕಡೆಯೋರು ಬಂದಾಗ ನೀನೇ ಅಲ್ವನಾ ಒಂದೊಂದೇ ಕಂಬ ಮುಟ್ಟಿ ಮುಟ್ಟಿ ತೋರಿಸಿದ್ದು, ನಾಲ್ಕೂ ಬೀಟೆ ಅಂತ. ನಿನಗೆ ಎಂತ ಹೇಳೂದು?"

ಅಡಿಗೆಮನೆ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳ ಅಪ್ಪ ಹಾಸನದ ಕಡೆ ಒಂದು ಸಾಮಿಲ್ಲಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ನಮ್ಮಪ್ಪ ಅವತ್ತೇ ಕಾರಲ್ಲಿ ಹೇಳಿದ್ರು ಮಾವ. ಹುಡುಗ ಒಳ್ಳೆಯವನು, ಮನೇನೂ ಚೆನ್ನಾಗಿದೆ, ಒಂದು ಕಂಬ ಮಾತ್ರ ಬೇರೆ ಮರ ಅಂತ" ಅಂದಳು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಮೊದಲು ನಕ್ಕಿದ್ದು. ಅಪ್ಪಯ್ಯ ನಗು ತಡೆಯಲಾರದೆ ಕೆಮ್ಮಿದರು. ಪೇಂಟರಣ್ಣ ಗೋಡೆ ಕಡೆ ಮುಖ ಮಾಡಿಕೊಂಡು ನಗ್ತಿದ್ದರು, ಹೆಗಲು ಅಲ್ಲಾಡ್ತಿತ್ತು. ಅಜ್ಜಯ್ಯ ಅಷ್ಟು ವರ್ಷ ಅಂಗಿ ಹಾಳು ಮಾಡಿಕೊಂಡು ಕಾಪಾಡಿದ ಗುಟ್ಟು ಹಾಸನದ ಕಾರಿನಲ್ಲಿ ಹಾಗೆ ಬಯಲಾಗಿತ್ತು, ಗೊತ್ತಿಲ್ಲದವನು ನಾನೊಬ್ಬನೇ. ಟೋಪಿ ಹಾಕಿಸಿಕೊಳ್ಳೋ ವಿಷಯದಲ್ಲಿ ಅಪ್ಪಯ್ಯನಿಗೆ ನಾನು ಅಂದ ಮಾತು ನನಗೇ ಬಂದು ಕೂತಿತು. ಕ್ಷಮೆ ಕೇಳಬೇಕಿತ್ತು. ನಮ್ಮ ಕಡೆ ಅಪ್ಪ ಮಕ್ಕಳು ಅದನ್ನ ಬಾಯಿಬಿಟ್ಟು ಕೇಳೋ ಪದ್ಧತಿ ಇಲ್ಲ. ಕಾಫಿ ಮಾಡಿಕೊಂಡು ಬಂದು ಮೊದಲು ಅವರಿಗೆ ಕೊಟ್ಟೆ. ಕುಡಿದು "ಡಿಕಾಕ್ಷನ್ ನೀರು" ಅಂದರು.

ಸಂಜೆ ಹೊತ್ತಿಗೆ ಇಪ್ಪತ್ತೆರಡೂ ಹಲಗೆ ಮುಗಿದವು. ಅಪ್ಪಯ್ಯ ಮತ್ತು ಪೇಂಟರಣ್ಣ ಸೇರಿ ಕೊನೆಯ ಮೂರು ಹಲಗೆಗೆ ಗಂಟು ಎಲ್ಲಿ ಬರಬೇಕು ಅಂತ ಚರ್ಚೆ ಮಾಡಿದ್ದು ನಮ್ಮ ಆಫೀಸಿನ ಡಿಸೈನ್ ರಿವ್ಯೂಗಿಂತ ಗಂಭೀರವಾಗಿತ್ತು. ಒಟ್ಟು ಗೋಡೆಗೆ ಎರಡೇ ಗಂಟು ಸಾಕು ಅಂತ ತೀರ್ಮಾನ ಆಯ್ತು, ನನ್ನ ಆರು ಬಿಟ್ಟು. ಇಪ್ಪತ್ತೊಂದನೆಯದಕ್ಕೆ ಮತ್ತೆ ಬಿಸ್ಕತ್ತು ಹೊಡೆದು ಹೊಸದಾಗಿ ಮಾಡಿಕೊಡ್ತೀನಿ ಅಂತ ಪೇಂಟರಣ್ಣ ಅಂದರು. ಅಪ್ಪಯ್ಯ ಬೇಡ ಅಂದರು. ಮಾರನೇ ದಿನ ಮ್ಯಾಟ್ ವಾರ್ನಿಷ್ ಹೊಡೆದು, ಉಳಿದ ಗ್ಲೇಜನ್ನ ಒಂದು ಸಣ್ಣ ಡಬ್ಬಿಗೆ ಹಾಕಿ ಕೊಟ್ಟು, ಪೇಂಟರಣ್ಣ ಐದೂ ಚಿಲ್ಲರೆಯ ರೈಲಿಗೆ ಹೋದರು. ಹೋಗುವಾಗ ಅಪ್ಪಯ್ಯನ ಹತ್ತಿರ ತೆಂಗಿನ ನಾರು ಹ್ಯಾಗೆ ಕಟ್ಟಬೇಕು ಅಂತ ಇನ್ನೊಂದ್ಸಲ ಕೇಳಿ ತಿಳಕೊಂಡು ಹೋದರು.

ಶನಿವಾರ ರಾತ್ರಿ ಅಜ್ಜಯ್ಯನ ಫೋಟೋ ಆ ಗೋಡೆಗೆ ಹಾಕಬೇಕು ಅಂತ ಅಮ್ಮ ಅಂದಳು. ಡ್ರಿಲ್ ಹಾಕಿದೆ. ನೋಡೋಕೆ ತೇಗ, ಉದುರಿದ್ದು ಬಿಳೀ ಪುಡಿ. ತೂತಿನ ಸುತ್ತ ಕಾಸಗಲ ಸಿಮೆಂಟು ಕಾಣ್ತಿತ್ತು. ಅಪ್ಪಯ್ಯ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಡಬ್ಬಿಯ ಗ್ಲೇಜಿನಲ್ಲಿ ಅದ್ದಿ, ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ಬಿಳಿ ಕಾಣೋ ಕಡೆಯೆಲ್ಲ ಮುಟ್ಟಿಸಿದರು. ಮೊಮ್ಮಗಳು ಸ್ಟೂಲಿನ ಕೆಳಗೆ ನಿಂತು ಟಾರ್ಚ್ ಹಿಡಿದಿದ್ದಳು.

ಭಾನುವಾರ ಹತ್ತಿಪ್ಪತ್ತು ಜನ ಬಂದಿದ್ದರು. ಮೂರು ಜನ ಹೇಳಿದ ಹಾಗೇ ಆ ಪುಟ್ಟೇನಹಳ್ಳಿಗೆ ಹೋಗಿ ಬಂದರು. ಕರ್ಟನ್ ಇನ್ನೂ ಬಂದಿರಲಿಲ್ಲ. ಗೋಡೆ ನೋಡಿದವರೆಲ್ಲ "ಯಾವ ಮರ, ಎಷ್ಟಾಯ್ತು?" ಅಂತ ಕೇಳ್ತಿದ್ದರು. ನಾನು ಉತ್ತರ ಹೇಳೋ ಮುಂಚೆ ಕಿಟಕಿ ಕಡೆ ನೋಡಿದೆ. ಅಪ್ಪಯ್ಯ ಸೋಫಾ ಬಿಟ್ಟು ಎದ್ದು ಹೋಗಿ, ಕುರ್ಚಿಯನ್ನ ಇಪ್ಪತ್ತೊಂದನೇ ಹಲಗೆಗೆ ಆನಿಸಿಕೊಂಡು, ಎಲೆಅಡಿಕೆ ತಟ್ಟೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಮೂರು ಗಂಟು ಅವರ ಬೆನ್ನ ಹಿಂದೆ ಹೋಗಿದ್ದವು. ಉಳಿದ ಮೂರು ತಲೆ ಮೇಲೆ ಸಾಲಾಗಿ ಕಾಣ್ತಿದ್ದವು.